ಉಸಿರೇ ಚುಕ್ಕಾಣಿ

ಅಂಡಮಾನಿನಲ್ಲಿ ಹಗಲು ಬೇಗ ಹುಟ್ಟಿ ಬೇಗ ಮುಗಿಯುತ್ತದೆ. ನಕ್ಷೆಯಲ್ಲಿ ಈ ದ್ವೀಪಗಳು ಚೆನ್ನೈಗಿಂತ ಮ್ಯಾನ್ಮಾರಿಗೆ ಹತ್ತಿರ. ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಡಿಸೆಂಬರಿನಲ್ಲಿ ಬೆಳಗಿನ ಐದೂವರೆಯ ಸುಮಾರಿಗೆ ಹುಟ್ಟಿದ ಸೂರ್ಯ ಸಂಜೆ ಐದು ದಾಟುತ್ತಿದ್ದಂತೆ ಮುಳುಗಿರುತ್ತಾನೆ. ಬೆನ್ನಿಗೊಂದು ಚೀಲ ಏರಿಸಿಕೊಂಡು ಕಡಿಮೆ ಖರ್ಚಿನಲ್ಲಿ ತಿರುಗುವವರಿಗೆ ಇದು ಒಳ್ಳೆಯ ಶಿಸ್ತು. ಡೈವಿಂಗ್ ದೋಣಿಗಳು ಎಳೆಬಿಸಿಲಿನಲ್ಲೇ ಹೊರಟುಬಿಡುತ್ತವೆ. ಮಲಗಿದ್ದವರನ್ನು ಯಾರೂ ಕಾಯುವುದಿಲ್ಲ.

ನಾನು ಹೋದದ್ದು ಹ್ಯಾವ್‌ಲಾಕ್‌ಗೆ. 1857ರ ದಂಗೆಯನ್ನು ಅಡಗಿಸಲು ಹೊರಟಿದ್ದ ಬ್ರಿಟಿಷ್ ದಂಡನಾಯಕನ ಹೆಸರು ಹೊತ್ತಿದ್ದ ಈ ದ್ವೀಪಕ್ಕೆ 2018ರ ಡಿಸೆಂಬರಿನಲ್ಲಿ ಸ್ವರಾಜ್ ದ್ವೀಪ ಎಂದು ಹೆಸರಿಟ್ಟರು. ರಾಜಧಾನಿ ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಜೆಟ್ಟಿಯಲ್ಲಿ, ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಕಿವಿಗೆ ಬೀಳುವುದು ಹಳೆಯ ಹೆಸರುಗಳೇ ಆದ್ದರಿಂದ ನಾನೂ ಅವನ್ನೇ ಬಳಸುತ್ತೇನೆ.

ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ ಸುಮಾರು 40 ಕಿಲೋಮೀಟರು. ಖಾಸಗಿ ಕಂಪನಿಗಳ ವೇಗದ ಹಡಗುಗಳು ಒಂದೂವರೆ ಗಂಟೆಯಲ್ಲಿ ತಲುಪಿಸುತ್ತವೆ. ಮುಚ್ಚಿದ ಕಿಟಕಿ, ಎ.ಸಿ., ನಂಬರು ಹಾಕಿದ ಸೀಟು. ಸರ್ಕಾರಿ ಹಡಗಿಗೆ ಎರಡೂವರೆ ಗಂಟೆ ಬೇಕು, ಟಿಕೆಟ್ ಸಿಗುವುದೂ ಅಷ್ಟು ಸಲೀಸಲ್ಲ. ಆದರೂ ಕಾದು ಅದನ್ನೇ ಹಿಡಿಯಿರಿ ಎನ್ನುತ್ತೇನೆ. ಅದರ ಮೇಲಟ್ಟದಲ್ಲಿ ಗಾಳಿಗೆ ಮುಖವೊಡ್ಡಿ ನಿಲ್ಲಬಹುದು. ದೊಡ್ಡಾಸ್ಪತ್ರೆಗೆ ತೋರಿಸಿಕೊಂಡು ಮರಳುವ ಮುದುಕರು, ಮೊಟ್ಟೆಯ ಟ್ರೇಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಅಂಗಡಿಯವರು, ರಜೆಗೆ ಊರಿಗೆ ಹೊರಟ ಕಾಲೇಜು ಹುಡುಗಿಯರು ಪಕ್ಕದಲ್ಲಿರುತ್ತಾರೆ. ಹಡಗಿನ ಮೂತಿ ಸೀಳಿದ ನೀರಿನಿಂದ ಹಾರುಮೀನುಗಳು ಚಿಮ್ಮಿ, ಅಲೆಯ ಮೇಲೆ ಒಂದೇ ಗೆರೆಯಲ್ಲಿ ತೇಲಿಹೋಗಿ ಮತ್ತೆ ಒಳಗೆ ಬೀಳುತ್ತವೆ. ದ್ವೀಪವೆಂದರೆ ಮೊದಲು ಅಲ್ಲಿ ಬಾಳುವವರ ಊರು. ಅದು ತಿಳಿಯುವುದು ಈ ಹಡಗಿನಲ್ಲಿ.

ಈ ಊರಿಗೆ ತಾವಾಗಿ ಇಷ್ಟಪಟ್ಟು ಬಂದವರು ಕಡಿಮೆ. ದೇಶ ಒಡೆದಾಗ ಪೂರ್ವ ಪಾಕಿಸ್ತಾನದಿಂದ ಉಟ್ಟ ಬಟ್ಟೆಯಲ್ಲಿ ಬಂದ ಬಂಗಾಳಿ ಕುಟುಂಬಗಳನ್ನು 1950ರ ದಶಕದಲ್ಲಿ ಸರ್ಕಾರ ಇಲ್ಲಿಗೆ ಕರೆತಂದು, ಕಾಡು ಕಡಿಸಿ ಜಮೀನು ಕೊಟ್ಟಿತು. ಅವರ ಹಳ್ಳಿಗಳಿಗೆಲ್ಲ ಕೃಷ್ಣನ ಕಥೆಯ ಗುರುತು: ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ. ಕಡಲತೀರಗಳಿಗೆ ಮಾತ್ರ ಸಂಖ್ಯೆ. ಮೂರನೇ ನಂಬರಿನಲ್ಲಿ ಪೇಟೆ, ಐದನೇ ನಂಬರಿನಲ್ಲಿ ಗುಡಿಸಲುಗಳ ಸಾಲು, ಏಳನೇ ನಂಬರು ಜಗತ್ತೆಲ್ಲ ಬಲ್ಲ ರಾಧಾನಗರ ಬೀಚು. ರಸ್ತೆಯ ಎರಡೂ ಬದಿ ಗದ್ದೆ, ತೆಂಗು, ಅಡಿಕೆ. ಅಂಗಳದಲ್ಲಿ ಹರವಿದ ಅಡಿಕೆ ಕಂಡಾಗ ಮಲೆನಾಡಿನವನಾದ ನನಗೆ ಅಲ್ಲೇ ನಿಲ್ಲದೆ ಮುಂದೆ ಹೋಗಲಾಗಲಿಲ್ಲ. ಕೈಯಲ್ಲೊಂದು ಎತ್ತಿ ನೋಡಿದೆ. ಮನೆಯವರು ಊರು ಯಾವುದೆಂದು ಕೇಳಿದರು, ಧಾರಣೆ ಕೇಳಿದರು, ಅರ್ಧ ಗಂಟೆ ಕಳೆಯಿತು.

ಐದನೇ ನಂಬರಿನಲ್ಲಿ ನಾನು ಹಿಡಿದ ಬಿದಿರು ತಟ್ಟಿಯ ಕೋಣೆಯ ಒಡತಿಯನ್ನು ಎಲ್ಲರೂ ಮಾಸಿ ಎನ್ನುತ್ತಿದ್ದರು. ಮಧ್ಯಾಹ್ನ ಅನ್ನ, ಬೇಳೆ, ಸಾಸಿವೆ ಅರೆದ ಮೀನಿನ ಸಾರು. ಬಡಿಸುತ್ತ ಆಕೆ ಮಾವನ ಕಥೆ ಹೇಳಿದರು. "ಅವರೆಲ್ಲ ನದಿಯ ಜನ. ಬಂದ ಹೊಸದರಲ್ಲಿ ಈ ನೀರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಕಡಲಿಗೆ ಬೆನ್ನು ಹಾಕಿಯೇ ಮನೆ ಕಟ್ಟಿದರು. ಈಗ ನೋಡಿ, ನನ್ನ ಮಗನ ಸಂಪಾದನೆಯೆಲ್ಲ ಆ ನೀರಿನಿಂದಲೇ." ಮಗ ಡೈವಿಂಗ್ ದೋಣಿಯ ಚಾಲಕ. ಇಲ್ಲಿ ಆ ಮರದ ದೋಣಿಗೆ ಡುಂಗಿ ಎನ್ನುತ್ತಾರೆ.

ನನಗೆ ಡೈವಿಂಗ್ ಪಾಠ ಹೇಳಿದಾತ ಕರೆನ್ ಸಮುದಾಯದ ಯುವಕ, ಮಧ್ಯ ಅಂಡಮಾನಿನ ಮಾಯಾಬಂದರ್ ಬಳಿಯ ವೆಬಿ ಕಡೆಯವನು. 1925ರಲ್ಲಿ ಬ್ರಿಟಿಷರು ಕಾಡಿನ ಕೆಲಸಕ್ಕೆಂದು ಬರ್ಮಾದಿಂದ ಕರೆತಂದ ಕರೆನ್ ಕುಟುಂಬಗಳು ಅಲ್ಲಿ ನೆಲೆ ನಿಂತವು. ಕಾಡು, ಕಡಲು ಎರಡನ್ನೂ ಬಲ್ಲ ಜನ. ಹ್ಯಾವ್‌ಲಾಕ್‌ನಲ್ಲಿ ಡೈವಿಂಗ್ ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು. ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಎಂದು ಇಲ್ಲಿಯ ಹೆಸರಾಂತ ಎರಡು ಡೈವ್ ಜಾಗಗಳನ್ನು ಕರೆಯುವುದು ಕರೆನ್ ಮುಳುಗುಗಾರರ ಹೆಸರಿನಿಂದ. ಒಂದು ದ್ವೀಪ ತನ್ನ ದುಡಿಯುವವರನ್ನು ನಕ್ಷೆಯಲ್ಲಿ ಹೀಗೆ ನೆನೆಯುವುದು ಅಪರೂಪ. ನನಗೆ ಅದು ಬಹಳ ಇಷ್ಟವಾಯಿತು.

ಕಾಡಿನ ಕೆಲಸಕ್ಕೆ ಬಂದ ಆನೆಗಳ ಕಥೆಯೂ ಇದೇ. ದಿಮ್ಮಿ ಎಳೆಯಲೆಂದು ಅವನ್ನು ಹಡಗಿನಲ್ಲಿ ತಂದರು. ಕೆಲಸ ಮುಗಿದ ದ್ವೀಪದಿಂದ ಇನ್ನೊಂದಕ್ಕೆ ಹೋಗಲು ಕಡಲಲ್ಲಿ ಈಜುವುದನ್ನು ಕಲಿಸಿದರು. 2002ರಲ್ಲಿ ಸುಪ್ರೀಂ ಕೋರ್ಟ್ ಮರ ಕಡಿತಕ್ಕೆ ತಡೆ ಹಾಕಿದ ಮೇಲೆ ಅವಕ್ಕೆ ಕೆಲಸ ಉಳಿಯಲಿಲ್ಲ. ಈಜುವ ಆನೆಗಳಲ್ಲಿ ಕೊನೆಯದೆಂದು ಹೆಸರಾದ ರಾಜನ್ ಇದೇ ಹ್ಯಾವ್‌ಲಾಕ್‌ನಲ್ಲಿದ್ದು 2016ರಲ್ಲಿ ತೀರಿಕೊಂಡಿತು. ಸೊಂಡಿಲು ಮಾತ್ರ ಮೇಲೆತ್ತಿ, ಉಳಿದ ಮೈಯನ್ನೆಲ್ಲ ನೀರಿನೊಳಗೆ ತೇಲಲು ಬಿಟ್ಟು ಸಾಗುತ್ತಿದ್ದ ಅದರ ಚಿತ್ರಗಳನ್ನು ನೀವೂ ನೋಡಿರಬಹುದು. ಅಷ್ಟು ಭಾರದ ಜೀವ ಅಷ್ಟು ಹಗುರವಾಗಿರುವುದನ್ನು ನೋಡಿಯೇ ನನಗೆ ಈ ನೀರಿನ ಆಸೆ ಹುಟ್ಟಿದ್ದು.

ದ್ವೀಪದಲ್ಲಿ ಡೈವಿಂಗ್ ಎರಡು ಬಗೆ. ಈಜು ಬಾರದವರೂ ಮಾಡಬಹುದಾದ ಒಂದೇ ಸಲದ ಡೈವ್ ಮೊದಲನೆಯದು. ದಡದಲ್ಲಿ ಸ್ವಲ್ಪ ಹೊತ್ತು ಅಭ್ಯಾಸ, ಆಮೇಲೆ ಮಾರ್ಗದರ್ಶಕ ಹಿಂದಿನಿಂದ ಸಿಲಿಂಡರ್ ಹಿಡಿದು ನಡೆಸಿಕೊಂಡು ಹೋಗುತ್ತಾನೆ; ಗರಿಷ್ಠ 12 ಮೀಟರ್ ಆಳ. ಎರಡನೆಯದು ಓಪನ್ ವಾಟರ್ ಕೋರ್ಸ್, ಮೂರು ನಾಲ್ಕು ದಿನದ ಕಲಿಕೆ. ಮುಗಿದರೆ ಜೊತೆಗಾರನೊಂದಿಗೆ 18 ಮೀಟರ್‌ವರೆಗೆ ಇಳಿಯುವ ಅರ್ಹತೆ. 200 ಮೀಟರ್ ಈಜಬೇಕು, 10 ನಿಮಿಷ ಏನನ್ನೂ ಹಿಡಿಯದೆ ತೇಲಬೇಕು. ಕೆರೆಯಲ್ಲಿ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತವನಿಗೆ ಅಷ್ಟಕ್ಕೆ ಅಡ್ಡಿಯಾಗಲಿಲ್ಲ. ಕೋರ್ಸಿನ ಖರ್ಚು ದೊಡ್ಡದೇ. ಅದಕ್ಕೆಂದೇ ಕೋಣೆ, ಊಟ, ಓಡಾಟ ಎಲ್ಲದರಲ್ಲೂ ಕೈ ಬಿಗಿ ಹಿಡಿದಿದ್ದೆ. ಸ್ಕೂಟರ್ ಬಾಡಿಗೆ ಬಿಟ್ಟು ಬಸ್ಸಿಗೆ ಕಾದೆ, ಎಷ್ಟೋ ಸಲ ನಡೆದೆ.

ಮೊದಲ ದಿನವೆಲ್ಲ ಪಾಠ. ಬೆನ್ನಿಗೇರಿಸುವ ಸಿಲಿಂಡರನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಎನ್ನುತ್ತಾರೆ. ಅದರಲ್ಲಿರುವುದು ನಾವು ದಿನಾ ಸೇವಿಸುವ ಗಾಳಿಯೇ. ಸೋಸಿ, ತೇವ ತೆಗೆದು, 200 ಬಾರ್ ಒತ್ತಡಕ್ಕೆ ಒತ್ತಿ ತುಂಬಿದ್ದು. ಅಷ್ಟು ಒತ್ತಡದ ಗಾಳಿಯನ್ನು ಬಾಯಿಗೆ ಬೇಕಾದಷ್ಟೇ, ಬೇಕಾದಾಗಲೇ ಬಿಡುವ ಕವಾಟ ರೆಗ್ಯುಲೇಟರ್. 1943ರಲ್ಲಿ ಫ್ರಾನ್ಸಿನಲ್ಲಿ ನೌಕಾಧಿಕಾರಿ ಝಾಕ್ ಕುಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಇದನ್ನು ಬಳಕೆಗೆ ತಂದರು. ಯುದ್ಧಕಾಲದ ಪೆಟ್ರೋಲ್ ಅಭಾವದಲ್ಲಿ ಮೋಟಾರು ಗಾಡಿಗಳನ್ನು ಗ್ಯಾಸಿನಿಂದ ಓಡಿಸಲು ಗಾನ್ಯಾನ್ ರೂಪಿಸಿದ್ದ ಕವಾಟವೇ ಅದಕ್ಕೆ ಮೂಲ. ಅದಕ್ಕೆ ಮೊದಲು ಭಾರದ ಲೋಹದ ಟೋಪಿ ಹಾಕಿ, ಮೇಲಿನಿಂದ ಕೊಳವೆಯಲ್ಲಿ ಗಾಳಿ ಪಡೆದು ತಳದಲ್ಲಿ ನಡೆಯುವುದಿತ್ತು. ಮನುಷ್ಯ ಮೀನಿನ ಹಾಗೆ ಅಡ್ಡಲಾಗಿ ತೇಲಿ ತನಗೆ ಬೇಕಾದತ್ತ ಹೋಗುವಂತಾದದ್ದು ಆ ಕವಾಟದಿಂದ.

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೂ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. ಹತ್ತರಲ್ಲಿ ಎರಡು ಪಟ್ಟು, ಇಪ್ಪತ್ತರಲ್ಲಿ ಮೂರು ಪಟ್ಟು. ಸಿಲಿಂಡರ್ ಖಾಲಿಯಾಗುವ ವೇಗವೂ ಅದೇ ಲೆಕ್ಕದಲ್ಲಿ ಏರುತ್ತದೆ. ಮೊದಲು ತಿಳಿಯುವುದು ಕಿವಿಗೆ: ಎರಡು ಮೀಟರ್ ಇಳಿಯುವಷ್ಟರಲ್ಲಿ ತಮಟೆಯ ಮೇಲೆ ಯಾರೋ ಬೆರಳಿಟ್ಟು ಒತ್ತಿದಂತಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಟಿಕ್ ಎಂದು ಬಿಡುತ್ತದೆ, ಇನ್ನಷ್ಟು ಇಳಿಯಬಹುದು. ನೋವು ಬರುವ ಮೊದಲೇ ಊದಬೇಕು. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು, ಬಲವಂತ ಕೂಡದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಉಸಿರು ಕಟ್ಟಬಾರದೆಂಬುದು. 10 ಮೀಟರಿನಲ್ಲಿ ಎದೆ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಅದು ಹೊರಬರಲು ದಾರಿಯಿಲ್ಲದಿದ್ದರೆ ಶ್ವಾಸಕೋಶವೇ ಹರಿದೀತು. ಮುಳುಗುವಾಗ ಉಸಿರು ಬಿಗಿ ಹಿಡಿಯಬೇಕೆಂದು ಕೆರೆಯಲ್ಲಿ ಕಲಿತ ಮೈಗೆ ಇದನ್ನು ತಿರುವಿ ಕಲಿಸುವುದು ಸುಲಭದ ಮಾತಲ್ಲ.

ಆದರೆ ಕೋರ್ಸಿನ ಜೀವ ಇರುವುದು ತೇಲುವಿಕೆಯಲ್ಲಿ. ಸೊಂಟದ ಪಟ್ಟಿಯಲ್ಲಿ ಸೀಸದ ತೂಕ, ಮೈಗೆ ಗಾಳಿ ತುಂಬುವ ಜಾಕೆಟ್. ಇವೆರಡನ್ನೂ ಸರಿದೂಗಿಸಿದರೆ ಮೈ ಮುಳುಗುವುದೂ ಇಲ್ಲ, ಏಳುವುದೂ ಇಲ್ಲ. ಆಮೇಲಿನ ಕೆಲಸವೆಲ್ಲ ಉಸಿರಿನದು. ಎದೆ ತುಂಬ ಎಳೆದುಕೊಂಡರೆ ಒಂದು ಕ್ಷಣ ತಡೆದು ಮೈ ಮೆಲ್ಲಗೆ ಏರುತ್ತದೆ. ಉದ್ದಕ್ಕೆ ಬಿಟ್ಟರೆ ಇಳಿಯುತ್ತದೆ. ಎದುರಿಗೆ ಹವಳದ ಬಂಡೆ ಬಂತೆಂದರೆ ಕೈ ಆಡಿಸುವುದಿಲ್ಲ, ಕಾಲು ಬಡಿಯುವುದಿಲ್ಲ. ಒಂದು ಉಸಿರು ಒಳಗೆಳೆದರೆ ಸಾಕು, ಮೈ ಅದರ ಮೇಲಿನಿಂದ ದಾಟುತ್ತದೆ. ದಾಟಿದ ಮೇಲೆ ಬಿಟ್ಟರೆ ಆಚೆ ಇಳಿಯುತ್ತದೆ. ಗುರು ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಹೀಗೆ ಸಾಗುತ್ತಿದ್ದ. ನಾನು ಕೈ ಬೀಸಿದಾಗಲೆಲ್ಲ ಹಿಂತಿರುಗಿ ತನ್ನ ಕಟ್ಟಿದ ಕೈಗಳನ್ನು ತೋರಿಸುತ್ತಿದ್ದ. ಮಾತಿಲ್ಲದ ಆ ಪಾಠ ಮೈಗೆ ಹತ್ತಿದ ದಿನ ನನಗಾದ ಸಂತೋಷವನ್ನು ಯಾವ ಬೆಟ್ಟದ ತುದಿಯೂ ಕೊಟ್ಟಿರಲಿಲ್ಲ. ಚಾರಣದಲ್ಲಿ ಬಲ ಹಾಕಬೇಕು. ಇಲ್ಲಿ ಬಲವನ್ನು ಬಿಡುತ್ತ ಹೋಗಬೇಕು. ಗಾಬರಿಗೊಂಡವನ ಸಿಲಿಂಡರ್ ಅರ್ಧ ಗಂಟೆಯಲ್ಲಿ ಮುಗಿದರೆ, ನೆಮ್ಮದಿಯಾಗಿರುವವನಿಗೆ ಅದೇ ಗಾಳಿ ಒಂದು ಗಂಟೆ ಬರುತ್ತದೆ.

ಕೆಳಗೆ ಬಣ್ಣ ಬೇರೆ. ಐದಾರು ಮೀಟರಿಗೆಲ್ಲ ನೀರು ಕೆಂಪನ್ನು ನುಂಗಿಬಿಡುತ್ತದೆ, ಕೆಂಪು ಈಜುಡುಪು ಕಂದಾಗಿ ಕಾಣುತ್ತದೆ. ಟಾರ್ಚ್ ಬಿಟ್ಟರೆ ಸತ್ತಂತಿದ್ದ ಬಂಡೆಯಲ್ಲಿ ಕುಂಕುಮದ ಬಣ್ಣ ಥಟ್ಟನೆ ಏಳುತ್ತದೆ. ದಪ್ಪ ತುಟಿಯ ದೊಡ್ಡ ಗ್ರೂಪರ್ ಒಂದು ಬಂಡೆಯ ಸಂದಿಗೆ ಬಂದು ಅಲ್ಲಾಡದೆ ನಿಂತದ್ದನ್ನು ತೀರಾ ಹತ್ತಿರದಿಂದ ನೋಡಿದೆ. ಬಾಯಿ ಅಗಲವಾಗಿ ತೆರೆದಿತ್ತು, ಕಿವಿರುಗಳು ಬಿಚ್ಚಿದ್ದವು. ಬೆರಳುದ್ದದ, ಮೈಮೇಲೆ ಕಪ್ಪು ಪಟ್ಟೆಯ, ಬಾಲದ ಕಡೆ ನೀಲಿಯ ಕ್ಲೀನರ್ ರಾಸ್ ಮೀನೊಂದು ಆ ಬಾಯೊಳಗೆ ಹೋಯಿತು. ಹಲ್ಲಿನ ಸುತ್ತ, ನಾಲಗೆಯ ಬುಡದಲ್ಲಿ ಹೆಕ್ಕಿ, ಕಿವಿರಿನ ಕಿಂಡಿಯಿಂದ ಹೊರಬಂತು. ಇನ್ನೊಂದು ಕಣ್ಣಿನ ಸುತ್ತ ತಿನ್ನುತ್ತಿತ್ತು. ಒಂದೇ ತುತ್ತಿಗೆ ಆಗುವ ಆ ಮೀನನ್ನು ಗ್ರೂಪರ್ ನುಂಗುವುದಿಲ್ಲ. ಮೈಗೆ ಅಂಟಿದ ಪರೋಪಜೀವಿಗಳು ಹೋಗಬೇಕಾದರೆ ಅದು ಬದುಕಿರಬೇಕು. ಸ್ವಲ್ಪ ದೂರದಲ್ಲಿ ಇನ್ನೆರಡು ಮೀನುಗಳು ತಮ್ಮ ಸರದಿಗೆ ಕಾಯುತ್ತಿದ್ದವು. ಗುರು ನನ್ನ ತೋಳು ಹಿಡಿದು ಅಲ್ಲೇ ತಡೆದು ನಿಲ್ಲಿಸಿದ. ಹತ್ತಿರ ಹೋಗಿದ್ದರೆ ಎಲ್ಲವೂ ಚದುರುತ್ತಿದ್ದವು.

ಶಬ್ದವೂ ಇದೆ ಅಲ್ಲಿ. ಉಸಿರಿನ ಗುಳ್ಳೆಗಳ ನಡುವೆ ಕರಕರ ಎಂದು ಅಗಿಯುವ ಸದ್ದು ಕೇಳಿ ಹುಡುಕಿದರೆ ಗಿಳಿಮೀನು. ಕೊಕ್ಕಿನಂತೆ ಬೆಸೆದ ಹಲ್ಲಿನಿಂದ ಹವಳದ ಮೇಲಿನ ಪಾಚಿಯನ್ನು ಕಲ್ಲಿನ ಸಮೇತ ಕೆರೆದು ತಿನ್ನುತ್ತದೆ. ಕಲ್ಲು ಹೊಟ್ಟೆಯಲ್ಲಿ ನುರಿದು ಬಿಳಿ ಮರಳಾಗಿ ಹಿಂದಿನಿಂದ ಮೋಡದಂತೆ ಉದುರುತ್ತದೆ. ಹವಳದ ದ್ವೀಪಗಳ ಬಿಳಿ ದಂಡೆಗಳಲ್ಲಿ ದೊಡ್ಡ ಪಾಲು ಹೀಗೆ ಆದದ್ದು. ಕಡಲ ಹೂವು ಎನ್ನುವ ಅನೆಮೊನಿಯ ಎಳೆಗಳ ನಡುವೆ ಕ್ಲೌನ್ ಫಿಶ್‌ಗಳ ಸಂಸಾರವಿರುತ್ತದೆ. ಅಲ್ಲಿ ದೊಡ್ಡದು ಹೆಣ್ಣು. ಅದು ಸತ್ತರೆ ಅದರ ಜೊತೆಗಾರ ಗಂಡೇ ಹೆಣ್ಣಾಗಿ ಸಂಸಾರ ಮುಂದುವರಿಸುತ್ತದೆ. ನನ್ನ ಮುಖಗವಸಿನ ಗಾಜಿಗೆ ಹೆಬ್ಬೆರಳಿನಷ್ಟರ ಆ ತಾಯಿ ಬಂದು ಗುದ್ದಿ ಹೋಯಿತು, ಅದರ ಮನೆಯ ಅಂಗಳವಷ್ಟೇ ಅದಕ್ಕೆ ಮುಖ್ಯ.

ಇಷ್ಟೆಲ್ಲ ಇರುವ ಕಡೆಯೇ ಬಿಳುಚಿದ, ಮುರಿದ, ಬೂದುಬಣ್ಣದ ಪಾಚಿ ಹತ್ತಿದ ಹವಳದ ರಾಶಿಗಳೂ ಇವೆ. ಹವಳ ಪ್ರಾಣಿ, ತನ್ನ ಮೈಯೊಳಗೆ ಸಾಕಿಕೊಂಡ ಸೂಕ್ಷ್ಮ ಪಾಚಿ ಬಿಸಿಲಿನಿಂದ ತಯಾರಿಸುವ ಆಹಾರವೇ ಅದರ ಮುಖ್ಯ ಊಟ, ಬಣ್ಣವೂ ಬಹುಪಾಲು ಆ ಪಾಚಿಯದು. ಬೇಸಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿ ಕೆಲವು ವಾರ ನಿಂತರೆ ಹವಳ ಆ ಪಾಚಿಯನ್ನು ಹೊರದಬ್ಬುತ್ತದೆ, ಬೆಳ್ಳಗಾಗುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿದು ಸಾಯುತ್ತದೆ. 2010ರ ಬೇಸಗೆಯಲ್ಲಿ ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಹೀಗೆ ಬಿಳುಚಿತು, 2016ರಲ್ಲಿ ಮತ್ತೆ. ಅದಕ್ಕೂ ಮುಂಚೆ 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ತೀರ ಮೇಲೆದ್ದು, ಅಲ್ಲಿನ ಹವಳ ಎಷ್ಟೋ ಕಡೆ ನೀರಿನಿಂದ ಹೊರಗುಳಿದು ಒಣಗಿತ್ತು. ಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ದಪ್ಪವಾಗುವುದು ಒಂದು ಸೆಂಟಿಮೀಟರಿನ ಆಸುಪಾಸು. ಎಮ್ಮೆಯಷ್ಟು ದೊಡ್ಡ ಗುಂಡೊಂದನ್ನು ಕಂಡೆವೆಂದರೆ ಅದು ನಮ್ಮ ಅಜ್ಜನ ಕಾಲಕ್ಕಿಂತ ಹಿಂದಿನಿಂದ ಅಲ್ಲಿದೆ.

ಅದರ ಮೇಲೆ ಯಾರೋ ಕಾಲಿಗೆ ತೊಟ್ಟ ಈಜುರೆಕ್ಕೆ ಬಡಿಯುವುದನ್ನು ನೋಡುವುದು ಕಷ್ಟ. ಒಂದೇ ಸಲದ ಡೈವಿಗೆ ಬರುವವರ ಸಂಭ್ರಮವನ್ನು ನಾನು ಸಣ್ಣದು ಮಾಡುವುದಿಲ್ಲ. ಮಾಸಿಯ ಮಗನಂಥ ಎಷ್ಟೋ ಜನರ ಮನೆ ಅದರಿಂದ ನಡೆಯುತ್ತದೆ, ಕಡಲೊಳಗೆ ಇಣುಕಿದ ಮೇಲೆ ಅದರ ಮೇಲೆ ಪ್ರೀತಿ ಹುಟ್ಟಿದವರೂ ಬಹಳ. ಆದರೆ ಹೆಚ್ಚಿನ ಗುಂಪುಗಳನ್ನು ಇಳಿಸುವುದು ದಂಡೆಗೆ ಹತ್ತಿರದ ಅವೇ ಕೆಲವು ಜಾಗಗಳಲ್ಲಿ. ತೇಲಲು ಕಲಿಯದ ಮೈ ಆಸರೆಗೆ ಕೈ ಚಾಚುತ್ತದೆ. ಅದರ ತಪ್ಪಲ್ಲ, ಅದಕ್ಕೆ ಯಾರೂ ಕಲಿಸಿಲ್ಲ. ವಿಡಿಯೊಗಾಗಿ ಮೀನಿಗೆ ಬಿಸ್ಕತ್ತಿನ ಪುಡಿ ಎರಚುವುದನ್ನಂತೂ ನಿಲ್ಲಿಸಲೇಬೇಕು. ಹವಳವನ್ನು 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿಸಲಾಗಿದೆ, ಒಂದು ತುಂಡನ್ನು ಕಿಸೆಗೆ ಹಾಕುವುದೂ ಅಪರಾಧ. ನೀರಿನ ಬಿಸಿಯನ್ನು ಇಳಿಸುವುದು ಒಬ್ಬ ಪ್ರವಾಸಿಯ ಕೈಯಲ್ಲಿಲ್ಲ. ತನ್ನ ಮೈಯನ್ನು ಹವಳಕ್ಕೆ ತಾಗದ ಹಾಗೆ ಇಟ್ಟುಕೊಳ್ಳುವುದು ಖಂಡಿತ ಇದೆ. ದುಡ್ಡು ಕೂಡಿಡಿ, ನಾಲ್ಕು ದಿನ ಹೆಚ್ಚು ಇರಿ, ಪೂರ್ತಿ ಕಲಿತು ಇಳಿಯಿರಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಜಾನೀಸ್ ಗಾರ್ಜ್‌ಗೆ ಹೋಗಬೇಕೆಂಬ ಆಸೆ ತೀರಲಿಲ್ಲ. ಅದರ ತಳ 18 ಮೀಟರಿಗಿಂತ ಬಹಳ ಆಳ, ಅಲ್ಲಿಗೆ ಮುಂದಿನ ಹಂತದ ತರಬೇತಿ ಬೇಕು. "ಕಡಲು ಎಲ್ಲೂ ಹೋಗಲ್ಲ ಭೈಯಾ, ಮುಂದಿನ ಸಲ ಬನ್ನಿ" ಎಂದ ಗುರು. ಕೊನೆಯ ಡೈವ್ ಮುಗಿಸಿ ಮೇಲೆ ಬರುವಾಗ ನಿಯಮದಂತೆ 5 ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ಒತ್ತಡದಲ್ಲಿ ರಕ್ತಕ್ಕೆ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಲಿ ಎಂದು ಈ ಕಾಯುವಿಕೆ. ಅದೇ ಕಾರಣಕ್ಕೆ ಮುಂದಿನ 18 ಗಂಟೆ ವಿಮಾನ ಹತ್ತುವಂತಿಲ್ಲ. ಆ ಬಿಡುವು ಅಲೆದಾಟಕ್ಕೆ ಸಿಕ್ಕಿತು: ಏಳನೇ ನಂಬರಿನ ಬಸ್ಸು, ಮಹುವಾ ಮರಗಳ ನೆರಳಿನ ರಾಧಾನಗರ, ಸಂತೆಯಲ್ಲಿ ಬಿಸಿ ಸಿಂಗಾಡ, ಅಂದರೆ ಬಂಗಾಳಿಗಳ ಸಮೋಸ.

ಮರಳುವ ಹಡಗಿನಲ್ಲಿ ದಾವಣಗೆರೆಯ ಒಂದು ಕುಟುಂಬ ಸಿಕ್ಕಿತು. ಮಗಳು ಒಂದೇ ಸಲದ ಡೈವ್ ಮಾಡಿದ್ದಳು, ಮಾತು ಮುಗಿಯುತ್ತಲೇ ಇರಲಿಲ್ಲ. "ಅಂಕಲ್, ಕೋರ್ಸ್ ಮಾಡೋಕೆ ಮತ್ತೆ ಇಷ್ಟು ದೂರ ಬರ್ಬೇಕಾ?" ಎಂದಳು. ಬೇಕಿಲ್ಲ ಎಂದೆ. ಬೆಂಗಳೂರಿನಲ್ಲಿ ಈಜುಕೊಳದ ಪಾಠ ಮುಗಿಸಬಹುದು. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ, ಕಡಲಿನ ಪಾಠ ಅಲ್ಲಿ. ಪುನೀತ್ ರಾಜ್‌ಕುಮಾರ್ 'ಗಂಧದ ಗುಡಿ'ಯಲ್ಲಿ ನೀರಿಗಿಳಿದದ್ದು ಅಲ್ಲೇ ಎಂದಾಗ ಅವಳ ಅಮ್ಮನೂ ಇತ್ತ ತಿರುಗಿದರು. ಮಳೆಗಾಲದಲ್ಲಿ ಅಲ್ಲಿಗೆ ದೋಣಿಯಿಲ್ಲ, ಅಕ್ಟೋಬರಿನಿಂದ ಮೇವರೆಗೆ ಹೋಗಬಹುದು.

"ಈಜು ಬರಲ್ಲ ಇವಳಿಗೆ," ಎಂದರು ಅಪ್ಪ.

"ಅಕ್ಟೋಬರಿಗೆ ಇನ್ನೂ ಎಷ್ಟು ತಿಂಗಳಿದೆ, ಸೇರಿಸಿ ಸರ್," ಎಂದೆ. ಅವಳು ಆಗಲೇ ಅಪ್ಪನ ಫೋನು ಕಸಿದುಕೊಂಡು ದಾವಣಗೆರೆಯ ಈಜುಕೊಳದ ಸಮಯ ಹುಡುಕುತ್ತಿದ್ದಳು. ನಡುಗಡಲಲ್ಲಿ ನೆಟ್‌ವರ್ಕ್ ಇರಲಿಲ್ಲ.